ಕಷಾಯವೆಂದು ಹೇಳಿದ ಭರಣಿ

ವೈನಿಗೆ ಸಕ್ಕರೆ ಹಾಕುವವರನ್ನು ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಕ್ರಿಸ್ಮಸ್ ಬಂತೆಂದರೆ ನಮ್ಮವರ ಮನೆಮನೆಯಲ್ಲೂ ದ್ರಾಕ್ಷಿಯಷ್ಟೇ ತೂಕದ ಸಕ್ಕರೆ, ಮೇಲಿಂದ ಒಂದು ಮುಷ್ಟಿ ಗೋಧಿ, ಬೇಕರಿಯಿಂದ ತಂದ ಯೀಸ್ಟು, ಲವಂಗ, ಚಕ್ಕೆ, ಬಣ್ಣ ಸಾಲದಿದ್ದರೆ ಕಪ್ಪಾಗುವ ತನಕ ಹುರಿದ ಸಕ್ಕರೆ. ಅದನ್ನು ಗ್ಲಾಸಿಗೆ ಸುರಿದುಕೊಟ್ಟು "ಹೇಗುಂಟು?" ಎಂದು ಕೇಳುತ್ತಾರೆ. ಪಾನಕಕ್ಕೆ ಜ್ವರ ಬಂದ ಹಾಗುಂಟು ಎಂದು ನಾನು ಮುಖಕ್ಕೇ ಹೇಳಿದ್ದೇನೆ. ಅದಾದ ಮೇಲೆ ಕೆಲವರು ನನ್ನನ್ನು ಹಬ್ಬಕ್ಕೆ ಕರೆಯುವುದು ಬಿಟ್ಟರು. ಒಳ್ಳೆಯದೇ ಆಯಿತು.

ನನ್ನ ಅಮ್ಮ ಮಾಡುತ್ತಿದ್ದ ವೈನಿನಲ್ಲಿ ದ್ರಾಕ್ಷಿ ಬಿಟ್ಟರೆ ಇನ್ನೇನೂ ಇರಲಿಲ್ಲ. ಒಂದು ತೊಟ್ಟು ನೀರೂ ಇಲ್ಲ. ಅವಳ ಅಪ್ಪ ಮಂಗಳೂರಿನಲ್ಲಿ ವಿದೇಶಿ ಪಾದ್ರಿಗಳ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವರು. ಪೂಜೆಗೆ ಬೇಕಾದ ವೈನ್ ಮಾಡುವ ಕ್ರಮವನ್ನು ಅಲ್ಲಿ ಕಲಿತು ಮಗಳಿಗೆ ಕಲಿಸಿದ್ದರು. ಘಟ್ಟದ ಮೇಲೆ, ಚಳಿ ಬೀಳುವ ಕಡೆ ಬೆಳೆದ ದಪ್ಪ ಸಿಪ್ಪೆಯ ಕಪ್ಪು ದ್ರಾಕ್ಷಿಯೇ ಆಗಬೇಕು. "ಚಳಿ ಕಂಡ ದ್ರಾಕ್ಷಿಯಲ್ಲಿ ಹುಳಿ ಇರ್ತದೆ. ಹುಳಿ ಇದ್ರೆ ವೈನ್ ಬೇಗ ಕೆಡುವುದಿಲ್ಲ" ಎನ್ನುತ್ತಿದ್ದಳು. ದ್ರಾಕ್ಷಿಯನ್ನು ತೊಳೆಯಲೇಬಾರದು. ಸಿಪ್ಪೆಯ ಮೇಲೆ ತೆಳ್ಳಗೆ ಬೂದಿ ಬಳಿದ ಹಾಗೆ ಬಿಳಿ ಹುಡಿ ಕಾಣುತ್ತದಲ್ಲ, ರಸವನ್ನು ಉಕ್ಕಿಸಿ ವೈನ್ ಮಾಡುವುದು ಅದೇ ಎಂದು ಅವಳ ನಂಬಿಕೆ. ತೊಳೆದರೆ ಕೆಲಸದವರನ್ನೇ ಓಡಿಸಿದ ಹಾಗೆ. ಕೈಯಲ್ಲಿ ಹಿಸುಕಿ, ಸಿಪ್ಪೆ ಸಮೇತ ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಮೇಲೆದ್ದ ಸಿಪ್ಪೆಯನ್ನು ಮರದ ಸೌಟಿನಿಂದ ಕೆಳಗೆ ಒತ್ತಬೇಕು. ಉಕ್ಕುವುದು ನಿಂತ ಮೇಲೆ ಸೋಸಿ, ಬಾಟ್ಲಿಗೆ ಹಾಕಿ, ಎರಡು ಮೂರು ತಿಂಗಳು ಮುಟ್ಟದೆ ಇಡಬೇಕು. ಅಷ್ಟೇ.

ಇದು ಐವತ್ತರ ದಶಕದ ಮಾತು. ನಾವು ಬಂಟ್ವಾಳ ಪೇಟೆಯಲ್ಲಿ, ಹೊಳೆಗೆ ಇಳಿಯುವ ದಾರಿಯ ಬದಿಯ ಸಣ್ಣ ಹಂಚಿನ ಮನೆಯಲ್ಲಿದ್ದೆವು. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಅಣ್ಣ ಪಾಣೆಮಂಗಳೂರಿನ ಒಂದು ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರ್. ನಾನು ಪ್ರೈಮರಿ ಶಾಲೆಯಲ್ಲಿ ಟೀಚರ್. ತಮ್ಮ ಪಾದ್ರಿಯಾಗುವುದಕ್ಕೆ ಓದುತ್ತಿದ್ದ. ಅವನ ಓದು ಮುಗಿದು, ಆ ವರ್ಷದ ಮೇ ತಿಂಗಳಲ್ಲಿ ದೀಕ್ಷೆ, ಮಾರನೆಯ ದಿನ ನಮ್ಮದೇ ಇಗರ್ಜಿಯಲ್ಲಿ ಅವನ ಮೊದಲ ಪೂಜೆ ಎಂದು ನಿಶ್ಚಯವಾಯಿತು. ಅವನು ಸೆಮಿನರಿಗೆ ಹೊರಟ ದಿನವೇ ಅಮ್ಮ ಹರಕೆ ಹೊತ್ತಿದ್ದಳು. ಮಗ ತನ್ನ ಮೊದಲ ಪೂಜೆಯಲ್ಲಿ ಎತ್ತಿ ಹಿಡಿಯುವ ಪಾತ್ರೆಯಲ್ಲಿ ತನ್ನ ಕೈಯ ವೈನ್ ಇರಬೇಕು, ಬೇರೆ ಯಾರದ್ದೂ ಅಲ್ಲ.

ಆದರೆ ಅದರ ಹಿಂದಿನ ವರ್ಷ ಅವಳಿಗೆ ಪಾರ್ಶ್ವವಾಯು ಬಡಿದು ಎಡಗೈ, ಎಡಗಾಲು ಬಿದ್ದುಹೋದವು. ಮಂಚ ಬಿಟ್ಟು ಏಳುವ ಹಾಗಿರಲಿಲ್ಲ. "ನೀನು ಮಾಡು, ನಾನು ಹೇಳ್ತೇನೆ. ದೇವರು ನಿನ್ನ ಕೈಯನ್ನೇ ನನ್ನದು ಅಂತ ತಿಳ್ಕೊಳ್ಳಲಿ" ಎಂದಳು. ಇಗರ್ಜಿಯ ದೊಡ್ಡ ಪಾದ್ರಿಗಳಾದ ವಿಗಾರರನ್ನು ಕೇಳಿದ್ದಾಯಿತು. ದ್ರಾಕ್ಷಿ ಬಿಟ್ಟು ಬೇರೇನೂ ಬೀಳದಿದ್ದರೆ ಅಡ್ಡಿಯಿಲ್ಲ, ಮೊದಲು ತಾನು ರುಚಿ ನೋಡುತ್ತೇನೆ ಎಂದರು.

ಎರಡು ತೊಂದರೆಗಳಿದ್ದವು. ಒಂದನೆಯದು ಸರಕಾರ. ಆಗ ನಮ್ಮ ಜಿಲ್ಲೆಯಲ್ಲಿ ಪಾನನಿರೋಧ ಜಾರಿಯಲ್ಲಿತ್ತು. ಇಗರ್ಜಿಯೊಳಗೆ ಪೂಜೆಯ ವೈನಿಗೆ ವಿನಾಯಿತಿ ಇತ್ತು, ಮನೆಯಲ್ಲಿ ಮಾಡುವುದಕ್ಕೆ ಇರಲಿಲ್ಲ. ಕುಡಿಯುವ ಗಂಡಸರೇನೂ ಕುಡಿತ ಬಿಟ್ಟಿರಲಿಲ್ಲ. ಹೊಳೆಬದಿಯ ಪೊದೆಗಳಲ್ಲಿ ಸಾರಾಯಿ ಕಾಯುತ್ತಲೇ ಇತ್ತು. ಪೊಲೀಸರು ಮಾತ್ರ ವಿಧವೆಯರ ಅಡುಗೆಮನೆಗೆ ನುಗ್ಗಿ ಉಪ್ಪಿನಕಾಯಿ ಭರಣಿ ಮೂಸುತ್ತಿದ್ದರು. ಅವರ ಪೌರುಷವನ್ನು ನೆನೆದರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ.

ಎರಡನೆಯದು ಸೆಕೆ. ಘಟ್ಟದ ದ್ರಾಕ್ಷಿ ನಮ್ಮ ಫೆಬ್ರವರಿಯ ಸೆಕೆಯಲ್ಲಿ, ತಗ್ಗು ಹಂಚಿನ ಮಾಡಿನ ಕೆಳಗೆ ಹುಚ್ಚು ಹಿಡಿದ ಹಾಗೆ ಉಕ್ಕಿ ವಿನೆಗರ್ ಆಗಿಬಿಡುತ್ತದೆ. ಹಿಂದೆಲ್ಲ ಅಮ್ಮ ಭರಣಿಯನ್ನು ಹೊಳೆಬದಿಯಿಂದ ತಂದ ಒದ್ದೆ ಹೊಯಿಗೆಯಲ್ಲಿ ಕುತ್ತಿಗೆಯ ತನಕ ಹೂತು, ದಿನಕ್ಕೆ ಐದಾರು ಸಲ ನೀರು ಚಿಮುಕಿಸುತ್ತಿದ್ದಳು. ನಾನು ಶಾಲೆಗೆ ಹೋದ ಮೇಲೆ ಅದನ್ನು ಮಾಡುವವರು ಯಾರು?

ತಂಪಾದ ಜಾಗ ಒಂದೇ ಇತ್ತು. ಪಕ್ಕದ ಮನೆಯ ಒಳಕೋಣೆ. ಕಗ್ಗಲ್ಲಿನ ದಪ್ಪ ಗೋಡೆ, ಮಣ್ಣಿನ ನೆಲ, ನಡುಹಗಲಲ್ಲೂ ಕಾಲಿಟ್ಟರೆ ಅಂಗಾಲು ತಣ್ಣಗಾಗುತ್ತಿತ್ತು. ಆ ಮನೆ ಒಬ್ಬ ಜೈನ ಹೆಂಗಸಿನದು. ಮೂಡುಬಿದಿರೆಯಿಂದ ಮದುವೆಯಾಗಿ ಬಂದವರು, ಅಮ್ಮನಿಗಿಂತ ನಾಲ್ಕೈದು ವರ್ಷ ದೊಡ್ಡವರು. ನಾವೆಲ್ಲ ಅವರನ್ನು ತುಳುವಿನಲ್ಲಿ ಅಕ್ಕೆರ್ ಎಂದು ಮರ್ಯಾದೆಯಿಂದ ಕರೆಯುತ್ತಿದ್ದೆವು. ನೀರನ್ನು ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ಮತ್ತೆ ಜೋಪಾನವಾಗಿ ಬಾವಿಗೇ ಇಳಿಸುತ್ತಿದ್ದರು. ಕಣ್ಣಿಗೆ ಕಾಣದ ಜೀವ ಸಾಯಬಾರದು ಎಂದು. ಕುಡಿಯುವ ನೀರನ್ನು ಕುದಿಸದೆ ಬಾಯಿಗೆ ಹಾಕುತ್ತಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಅವರ ಊಟ ಮುಗಿಯುತ್ತಿತ್ತು. ಅಮ್ಮ ಹಾಸಿಗೆ ಹಿಡಿದಂದಿನಿಂದ ಪ್ರತಿದಿನ ನಾಲ್ಕು ಗಂಟೆಗೆ ನಮ್ಮ ಮನೆಗೆ ಬಂದು ಅವಳ ಬಿದ್ದುಹೋದ ಕೈಗೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದರು. ಇಪ್ಪತ್ತು ವರ್ಷದ ಗೆಳೆತನ. ಒಬ್ಬರ ಮನೆಯಲ್ಲಿ ಒಬ್ಬರು ನೀರು ಕುಡಿದವರಲ್ಲ, ಆದರೆ ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿಕೊಂಡವರು.

ಅಮ್ಮ ನನಗೆ ನೇರವಾಗಿ ಹೇಳಿದಳು. "ಅಕ್ಕೆರಿಗೆ ಇದ್ದದ್ದು ಇದ್ದ ಹಾಗೆ ಹೇಳು. ಬೇಡ ಅಂದ್ರೆ ಬೇಡ. ನಮ್ಮಲ್ಲೇ ಹೇಗಾದ್ರೂ ಮಾಡುವ."

ಅಣ್ಣ ನನ್ನನ್ನು ಜಗಲಿಗೆ ಕರೆದ. "ನಿಂಗೆ ಮರುಳಾ? ವೈನ್ ಅಂದ್ರೆ ಅವರು ಬಾಗಿಲು ಹಾಕ್ತಾರೆ. ಅವರ ಮಗನ ಅಂಗಡಿಗೆ ಪೊಲೀಸರು ಬಂದು ಕೂರ್ತಾರೆ, ಒಂದು ಮಾತು ಬಿದ್ರೆ ಮುಗೀತು. ಅಮ್ಮನ ಕೈಗೆ ಕಷಾಯ ಅಂತ ಹೇಳು."

ನಾನು ಹಾಗೇ ಹೇಳಿದೆ. ಅಣ್ಣ ಹೇಳಿಕೊಟ್ಟ ಎನ್ನುವುದು ನಿಜ, ಹೇಳಿದ್ದು ನನ್ನ ಬಾಯಿ ಎನ್ನುವುದೂ ನಿಜ. ಸುಳ್ಳು ಹೇಳುವಾಗ ನನಗೆ ಎಲ್ಲಿಲ್ಲದ ಚಾತುರ್ಯ ಬಂತು. ಮದ್ದು ಕೊಡುವ ಪಂಡಿತರು ಹೇಳಿದ್ದು, ದ್ರಾಕ್ಷಿಯ ಕಷಾಯ, ನರಗಳಿಗೆ ಒಳ್ಳೆಯದಂತೆ, ತಂಪಿನಲ್ಲಿಡಬೇಕಂತೆ. ಅಕ್ಕೆರ್ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಕಷಾಯ ಅಂದ ಮೇಲೆ ಕುದಿಸುವುದುಂಟಲ್ಲ? ಅದು ಯಾವಾಗ?"

"ಆಮೇಲೆ ಅಕ್ಕೆರೆ. ಹದ ಬಂದ ಮೇಲೆ" ಎಂದೆ.

"ಇಡು, ಇಡು. ಅಮ್ಮನ ಕೈ ಸರಿಯಾದ್ರೆ ಸಾಕು" ಎಂದು ಅವರೇ ಒಳಕೋಣೆ ಗುಡಿಸಿ ಜಾಗ ಮಾಡಿಕೊಟ್ಟರು.

ದ್ರಾಕ್ಷಿ ಚಾರ್ಮಾಡಿ ಘಾಟಿಯಾಗಿ ಬಸ್ಸಿನ ತಲೆಯ ಮೇಲೆ ಬಂತು. ಬೆಳ್ತಂಗಡಿಗೆ ನಾನೇ ಹೋಗಿ ಎರಡು ಬುಟ್ಟಿ ಇಳಿಸಿಕೊಂಡೆ. ಮೇಲೆ ಬಾಳೆಲೆ ಮುಚ್ಚಿತ್ತು. ಒಳಗೆ ಕೈ ಹಾಕಿದರೆ ಇನ್ನೂ ತಂಪಿತ್ತು, ಬಿಳಿ ಹುಡಿ ಹಾಗೇ ಇತ್ತು. ಆ ದಿನ ಮಾತ್ರ ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಅಮ್ಮ ಒಂದೊಂದು ಗೊಂಚಲನ್ನೂ ಬಲಗೈಯಲ್ಲಿ ಎತ್ತಿ ಮೂಸಿ, ಒಡೆದದ್ದನ್ನು, ಕೊಳೆತದ್ದನ್ನು ತೆಗೆದಿಟ್ಟಳು. ಉಳಿದದ್ದನ್ನು ನಾನು ಅವಳ ಮಂಚದ ಪಕ್ಕದಲ್ಲೇ ಕುಳಿತು ಹಿಸುಕಿದೆ. ಕೊನೆಯ ಗೊಂಚಲನ್ನು ಅವಳೇ ಹಿಸುಕಿದಳು. ಒಂದು ಕೈಯಲ್ಲಿ ಹಿಸುಕುವಾಗ ರಸ ಮೊಣಕೈ ತನಕ ಇಳಿಯಿತು. ಅದನ್ನು ಒರೆಸಲು ಬಿಡಲಿಲ್ಲ.

ಮೂರನೆಯ ದಿನ ಭರಣಿ ಮಾತಾಡತೊಡಗಿತು. ಕಿವಿ ಇಟ್ಟರೆ ಸಣ್ಣಗೆ ಗುಳುಗುಳು ಸದ್ದು. ಸಿಪ್ಪೆ ಮೇಲೆದ್ದು ನೊರೆ ಬಂತು. ನಾನು ಬೆಳಿಗ್ಗೆ ಸಂಜೆ ಹೋಗಿ ಒತ್ತಿ ಬರುತ್ತಿದ್ದೆ, ಬಂದು ಅಮ್ಮನಿಗೆ ಬಣ್ಣ, ವಾಸನೆ, ಸದ್ದು ಎಲ್ಲ ವರದಿ ಮಾಡುತ್ತಿದ್ದೆ. ಐದನೆಯ ದಿನ ಶಾಲೆಗೆ ಆರ್ಡರ್ ಬಂತು. ಮೂಡುಬಿದಿರೆಯಲ್ಲಿ ಟೀಚರುಗಳಿಗೆ ನಾಲ್ಕು ದಿನದ ಶಿಬಿರ, ಮಾರನೆಯ ದಿನವೇ ಹೊರಡಬೇಕು. ಮಕ್ಕಳಿಗೆ ತೆಂಗಿನ ಮಡಲಿನಿಂದ ಬುಟ್ಟಿ ಹೆಣೆಯುವುದನ್ನು ಕಲಿಸುವುದು ಹೇಗೆ ಎಂದು ನಮಗೆ ಕಲಿಸುವ ಶಿಬಿರ. ಕಲಿಸಿದವನಿಗೆ ತೆಂಗಿನ ಮಡಲು ಯಾವುದು, ಅಡಿಕೆಯ ಸೋಗೆ ಯಾವುದು ಎಂದು ಗೊತ್ತಿರಲಿಲ್ಲ.

ಹೊರಡುವ ಮುಂಚೆ ಅಣ್ಣನಿಗೆ ನಾಲ್ಕು ಸಲ ಹೇಳಿದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಸೌಟು ಅಲ್ಲೇ ಉಂಟು.

"ಆಯ್ತು ಮಾರಾಯ್ತಿ, ನಾನೇನು ಸಣ್ಣ ಮಗುವಾ" ಎಂದ.

ಹೋಗಲಿಲ್ಲ. ನಾಲ್ಕು ದಿನವೂ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಆಮೇಲೆ ಕೇಳಿದ್ದಕ್ಕೆ, ಹೆಂಗಸರಿರುವ ಮನೆಯ ಒಳಕೋಣೆಗೆ ಹೋಗಲು ನಾಚಿಕೆಯಾಯಿತು ಎಂದ. ಸುಳ್ಳು ಹೇಳಿಕೊಡುವಾಗ ಇಲ್ಲದ ನಾಚಿಕೆ ಸೌಟು ಹಿಡಿಯುವಾಗ ಎಲ್ಲಿಂದ ಬಂತೋ. ಅಮ್ಮ ಕೇಳಿದಾಗಲೆಲ್ಲ "ಒತ್ತಿ ಬಂದೆ" ಎಂದು ಹೇಳಿದ್ದನಂತೆ.

ನಾನು ವಾಪಸ್ಸು ಬಂದದ್ದು ಮಧ್ಯಾಹ್ನದ ಬಸ್ಸಿಗೆ. ಚೀಲ ಜಗಲಿಯಲ್ಲಿಟ್ಟು ನೇರವಾಗಿ ಅಕ್ಕೆರ ಮನೆಗೆ ಓಡಿದೆ. ಒಳಕೋಣೆಯಲ್ಲಿ ಭರಣಿ ತೊಳೆದು ಕವುಚಿ ಹಾಕಿತ್ತು. ನೆಲ ಹೊಸದಾಗಿ ಸಾರಿಸಿತ್ತು. ಅಕ್ಕೆರ್ ಅಡುಗೆಮನೆಯಿಂದ ನಗುತ್ತಾ ಬಂದರು.

"ಬಂದಿಯಾ? ನೀನು ಹೋದದ್ದೇ ಹೋದದ್ದು, ನಿನ್ನ ಕಷಾಯ ಕೆಟ್ಟೇ ಹೋಗ್ತಿತ್ತು. ಯಾರೂ ಬರಲಿಲ್ಲ. ನೊರೆ ಉಕ್ಕಿ ನೆಲಕ್ಕೆಲ್ಲ ಬಂತು. ನೊಣ ಅಂದ್ರೆ ನೊಣ. ಒಳಗೆ ಜೀವ ಆಡ್ತಾ ಉಂಟು, ಕಿವಿಗೆ ಕೇಳ್ತದೆ. ಅಮ್ಮ ಕುಡಿಯುವ ಮದ್ದು, ಹೀಗೆ ಹಾಳಾಗಲಿಕ್ಕೆ ಬಿಡ್ಲಿಕ್ಕೆ ಆಗ್ತದಾ? ನಿನ್ನೆ ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಸಿಪ್ಪೆ ಎಲ್ಲ ಬಾಳೆಬುಡದಲ್ಲಿ ನೆರಳಿಗೆ ಇಟ್ಟು, ಹೊತ್ತು ಮುಳುಗುವುದರೊಳಗೆ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಸಿದ್ದೇನೆ. ಹದ ಬಂದ ಮೇಲೆ ಕುದಿಸುವುದು ಅಂದಿದ್ದಿಯಲ್ಲ."

ಒಲೆಯ ಪಕ್ಕ ಅವರ ದೊಡ್ಡ ತಾಮ್ರದ ಪಾತ್ರೆ. ತವರಿನಿಂದ ಮದುವೆಗೆ ಬಂದದ್ದು, ನೋಂಪಿಯ ವ್ರತದ ದಿನ ಮಾತ್ರ ಒಲೆಗೇರುತ್ತಿದ್ದದ್ದು. ಅದರ ತಳದಲ್ಲಿ ಕಪ್ಪಗೆ, ಮಂದವಾಗಿ, ಬೆಲ್ಲದ ಪಾಕದಂಥ ಏನೋ ನಿಂತಿತ್ತು. ಬೆರಳು ಅದ್ದಿ ನೋಡಿದೆ. ಬರೀ ಸಿಹಿಯೂ ಹುಳಿಯೂ. ಅದರಲ್ಲಿ ಜೀವ ಇರಲಿಲ್ಲ.

ನಾನು ಬಾಯಿಗೆ ಬಂದದ್ದು ಬೈದೆ. ಯಾರು ಹೇಳಿದ್ದು ನಿಮಗೆ ಕುದಿಸಲಿಕ್ಕೆ, ಯಾರು ಕೇಳಿದ್ದು, ಬೇರೆಯವರ ಪಾತ್ರೆಗೆ ಕೈ ಹಾಕುವ ಅಧಿಕಾರ ಯಾರು ಕೊಟ್ಟದ್ದು. ತಾಯಿಯ ವಯಸ್ಸಿನವರ ಎದುರು, ಅವರದೇ ಅಡುಗೆಮನೆಯಲ್ಲಿ ನಿಂತು. ಅಷ್ಟಕ್ಕೆ ನಿಲ್ಲಲಿಲ್ಲ.

"ಅದು ಕಷಾಯ ಅಲ್ಲ ಅಕ್ಕೆರೆ. ವೈನ್. ತಮ್ಮನ ಪೂಜೆಗೆ ಮಾಡಿದ್ದು. ಎಲ್ಲ ಹಾಳು ಮಾಡಿದ್ರಿ ನೀವು."

ಅವರು ನಿಧಾನಕ್ಕೆ ಮಣೆಯ ಮೇಲೆ ಕುಳಿತರು.

"ಅಮಲಿಗೆ ಕುಡಿಯುವಂಥದ್ದಾ?"

ನಾನು ಹೌದೆಂದು ತಲೆಯಾಡಿಸಿದೆ.

"ಈ ಪಾತ್ರೆಯಲ್ಲಿ?"

ಬೆರಳಿಗಂಟಿದ್ದ ಪಾಕವನ್ನು ನಾನು ಸೆರಗಿಗೆ ಒರೆಸಿಕೊಂಡೆ.

"ನೀನು ಹೇಳಿದ್ದಿದ್ರೆ ನಾನು ಆಗುವುದಿಲ್ಲ ಅಂತ ಒಂದು ಮಾತು ಹೇಳ್ತಿದ್ದೆ" ಎಂದರು. "ಅಷ್ಟೇ ಅಲ್ವಾ. ಅಮ್ಮನಿಗೆ ಒಂದು ದಿನ ಬೇಸರ ಆಗ್ತಿತ್ತು." ಅವರ ದನಿ ಏರಲಿಲ್ಲ. ಏರಿದ್ದರೆ ನನಗೆ ಜಗಳಕ್ಕೆ ಅನುಕೂಲವಾಗುತ್ತಿತ್ತು. ಆ ತಾಮ್ರದ ಪಾತ್ರೆಯನ್ನು ಅವರು ಮತ್ತೆ ಒಲೆಗೆ ಇಡಲಿಲ್ಲ. ಅದು ಹಿತ್ತಲ ಗೋಡೆಗೆ ಒರಗಿಕೊಂಡು ಹಸಿರುಗಟ್ಟುವುದನ್ನು ನಾನು ನಮ್ಮ ಬಾವಿಕಟ್ಟೆಯಿಂದ ವರ್ಷಗಟ್ಟಲೆ ನೋಡಿದ್ದೇನೆ.

ಅಲ್ಲಿಂದ ನಮ್ಮ ಮನೆಗೆ ಇಪ್ಪತ್ತು ಹೆಜ್ಜೆ. ಆ ಇಪ್ಪತ್ತು ಹೆಜ್ಜೆಯಲ್ಲಿ ನನಗೆ ಹೊಳೆದದ್ದು ಒಂದೇ. ಅಮ್ಮ ಮೊದಲು ಕೇಳುವುದು, ನೀನು ಅವರಿಗೆ ಏನೆಂದು ಹೇಳಿದ್ದೆ, ಎಂದು. ಅವಳು ಹೇಳಿದ ಮಾತನ್ನು ಮೀರಿ ನಾನು ಸುಳ್ಳು ಹೇಳಿದ್ದು ಬಯಲಾಗುತ್ತದೆ.

ಎಲ್ಲ ಕುದಿಸಿಬಿಟ್ಟಿದ್ದಾರೆ ಎಂದು ನಾನು ಹೇಳಿದ್ದೇ ತಡ, ಅಮ್ಮ ಕೇಳಿದಳು. "ಅಕ್ಕೆರಿಗೆ ಗೊತ್ತಿತ್ತಲ್ಲ ಅದು ಏನು ಅಂತ?"

"ಗೊತ್ತಿತ್ತು" ಎಂದೆ. "ಗೊತ್ತಿದ್ದೇ ಕುದಿಸಿದ್ದು. ಮನೆಯಲ್ಲಿ ಅಂಥದ್ದು ಇಡಲಿಕ್ಕೆ ಆಮೇಲೆ ಮನಸ್ಸು ಬರಲಿಲ್ಲ ಕಾಣ್ತದೆ."

ಅಣ್ಣ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಕೆಮ್ಮಿದ. ಒಂದಕ್ಷರ ಮಾತಾಡಲಿಲ್ಲ. ನಾನು ಸುಳ್ಳು ಹೇಳಿದರೆ ಅವನ ನಾಲ್ಕು ದಿನವೂ ಮುಚ್ಚಿಹೋಗುತ್ತದಲ್ಲ. ಬದಲಿಗೆ ಒಂದು ಉಪಾಯ ಹೇಳಿದ. ಆ ಪಾಕಕ್ಕೆ ನೀರು ಸೇರಿಸಿ, ಒಂದು ಚಮಚ ಕಳ್ಳು, ಒಂದಿಷ್ಟು ಬೆಲ್ಲ ಹಾಕಿದರೆ ಮತ್ತೆ ಉಕ್ಕುತ್ತದೆ, ಯಾರಿಗೆ ಗೊತ್ತಾಗುತ್ತದೆ, ಎಂದು. ಅಮ್ಮ ಅವನ ಮುಖವನ್ನೇ ನೋಡಿದಳು. "ಪೂಜೆಗೆ ಸುಳ್ಳು ಇಡ್ತಿಯಾ?" ಎಂದು ಕೇಳಿದಳು. ಅವನು ತಲೆ ತಗ್ಗಿಸಿ ಹೊರಗೆ ಹೋದ. ಆ ಪ್ರಶ್ನೆ ನನಗೂ ತಾಗಬೇಕಿತ್ತು. ನಾನು ಅಲ್ಲೇ ನಿಂತು ಅಮ್ಮನ ಹೊದಿಕೆ ಸರಿಮಾಡಿದೆ.

ಮತ್ತೆ ದ್ರಾಕ್ಷಿ ತರಿಸುವ ಎಂದೆ. ಆ ಬೆಳೆ ಮುಗಿದಿತ್ತು. ಮುಂದಿನದು ಮಳೆಗಾಲಕ್ಕೆ.

ಸಂಜೆ ನಾಲ್ಕಕ್ಕೆ ಅಕ್ಕೆರ್ ಎಣ್ಣೆಯ ಬಟ್ಟಲು ಹಿಡಿದು ಎಂದಿನ ಹಾಗೇ ಬಂದರು. ನಾನು ಹಾಗೆ ಬೈದ ಮೇಲೂ ಬಂದರು. ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. ಅಕ್ಕೆರ್ ಮಂಚದ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತು, ನನ್ನನ್ನು ನೋಡಿದರು. ನಿನ್ನ ಮಗಳು ನನಗೆ ಕಷಾಯ ಅಂತ ಹೇಳಿದ್ದಳು ಎನ್ನುವ ಒಂದು ವಾಕ್ಯ ಅವರ ಬಾಯಲ್ಲಿತ್ತು, ನನಗೆ ಕಾಣುತ್ತಿತ್ತು. ಅವರು ಅದನ್ನು ಹೇಳಲಿಲ್ಲ. ಅಮ್ಮನಿಗೆ ನಾನೇ ಹೇಳಲಿ ಎಂದು ಬಿಟ್ಟರು. ಮಾರನೆಯ ದಿನ ಬಂದರು, ಅದರ ಮಾರನೆಯ ದಿನವೂ ಬಂದರು. ನಾಲ್ಕನೆಯ ದಿನ ಬರಲಿಲ್ಲ. ಎಣ್ಣೆ ನಾನು ತಿಕ್ಕಿದೆ. ನನ್ನ ಕೈಗೆ ಆ ಹದ ಬರಲೇ ಇಲ್ಲ.

ಮೇ ತಿಂಗಳಲ್ಲಿ ತಮ್ಮನ ಪೂಜೆಯಾಯಿತು. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ತಂದು ಮುಂದಿನ ಸಾಲಿನಲ್ಲಿ ಇಟ್ಟರು. ಇಗರ್ಜಿಯ ಕಪಾಟಿನಲ್ಲಿದ್ದ ಬಾಟ್ಲಿಯಿಂದ, ಎಲ್ಲಿಂದಲೋ ಬಂದ ವೈನನ್ನು ತಮ್ಮ ಪಾತ್ರೆಗೆ ಸುರಿದುಕೊಂಡ. ಅವನು ಅದನ್ನು ಎತ್ತಿ ಹಿಡಿದಾಗ ಎಲ್ಲರೂ ತಲೆಬಾಗಿದರು. ಅಮ್ಮ ತನ್ನ ಬಲಗೈಯನ್ನು ನೋಡುತ್ತಿದ್ದಳು. ಊಟದ ಹೊತ್ತಿಗೆ ಜನರೆಲ್ಲ ಎಷ್ಟು ಭಾಗ್ಯವಂತೆ ಎಂದು ಅವಳನ್ನು ಹೊಗಳಿದರು. ನನಗೆ ಎಲ್ಲರ ಎಲೆಗಳನ್ನೂ ಎತ್ತಿ ಹೊರಗೆ ಎಸೆಯಬೇಕೆನ್ನಿಸುವಷ್ಟು ಸಿಟ್ಟು ಬಂದಿತ್ತು.

ಹೇಳುವುದಕ್ಕೆ ನನಗೆ ಮೂರು ವರ್ಷ ಸಮಯವಿತ್ತು. ದಿನಾ ಹೊದಿಕೆ ಮಡಚಿದೆ, ಗಂಜಿ ಕುಡಿಸಿದೆ, ಬೆನ್ನು ಒರೆಸಿದೆ. ಇವತ್ತು ಹೇಳುವ, ನಾಳೆ ಹೇಳುವ ಎಂದುಕೊಂಡೆ. ಒಮ್ಮೆ ಅಮ್ಮ ತಾನಾಗಿಯೇ "ಅಕ್ಕೆರ್ ಹಾಗೆ ಮಾಡುವವರಲ್ಲ. ಯಾಕೆ ಮಾಡಿದ್ರೋ" ಎಂದಳು. ಬಾಗಿಲು ಅವಳೇ ತೆರೆದುಕೊಟ್ಟಿದ್ದಳು. ನಾನು "ಮದ್ದಿನ ಹೊತ್ತಾಯ್ತು" ಎಂದು ಎದ್ದು ಹೋದೆ. ಸರಕಾರದ ಮೇಲೆ, ಅಣ್ಣನ ಮೇಲೆ, ಸಕ್ಕರೆ ಹಾಕುವವರ ಮೇಲೆ ನಾನು ಇಷ್ಟು ವರ್ಷ ಕಾರಿದ ಸಿಟ್ಟೆಲ್ಲ ಆ ಎದ್ದು ಹೋದವಳ ಮೇಲಿನದ್ದು. ಕೆನ್ನೆಗೆ ಹೊಡೆಯಲು ಅವಳು ನನ್ನ ಕೈಗೆ ಸಿಗುವುದಿಲ್ಲವಲ್ಲ.

ಅಮ್ಮ ತೀರಿಕೊಂಡ ದಿನ ಅಕ್ಕೆರ್ ಬಂದರು. ಮೂರು ವರ್ಷದಲ್ಲಿ ಬಹಳ ಬಗ್ಗಿದ್ದರು. ಒಳಗೆ ಹೋಗಿ ಅಮ್ಮನ ಎಡಗೈಯನ್ನು ಸ್ವಲ್ಪ ಹೊತ್ತು ಹಿಡಿದು ಕುಳಿತು, ಹೊರಗೆ ಬಂದು ಜಗಲಿಯಲ್ಲಿ ನನ್ನ ಪಕ್ಕ ನಿಂತರು. ಬೇರೆ ಯಾರಿಗೂ ಕೇಳಿಸದ ಹಾಗೆ ಕೇಳಿದರು.

"ನೀನು ಅಮ್ಮನಿಗೆ ಹೇಳಿದ್ದಿಯಲ್ಲ ಮಗಾ? ನನಗೆ ಗೊತ್ತಿರಲಿಲ್ಲ, ಕಷಾಯ ಅಂತಲೇ ಕುದಿಸಿದ್ದು ಅಂತ?"

ಅವರಿಗೆ ಸಮಾಧಾನವಾಗಲಿ ಎಂದು, ಆ ಹೊತ್ತಿಗೆ ಅದೇ ದಯೆ ಎಂದು ತಿಳಿದು, ನಾನು ಹೇಳಿದೆ.

"ಹೌದು ಅಕ್ಕೆರೆ. ಅವತ್ತೇ ಹೇಳಿದ್ದೆ."

ಅವರು ಅಂಗಳದ ಕಡೆ ತಿರುಗಿದರು.

"ಗೊತ್ತಿದ್ದೂ ಮುಖ ತಿರುಗಿಸಿದ್ದಾ ಅವಳು" ಎಂದರು.

ಆಗಲಾದರೂ ನಾನು ಬಾಯಿ ತೆರೆಯಬಹುದಿತ್ತು. ಅವರು ಕಂಬ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಹೋಗುವ ತನಕ ನಾನು ಅಲ್ಲೇ ನಿಂತಿದ್ದೆ.